ಸಂತ ಅಂತೋಣಿಯ ನರಹುಲಿ

ನಮ್ಮವರ ಮುಖವನ್ನು ದೇವರು ಮೇಣದಬತ್ತಿ ಅಂಗಡಿಯ ಕಟ್ಟೆಯ ಹಿಂದೆ ಇಡಲೆಂದು ಮಾಡಿದ್ದು, ಚರ್ಚಿನ ಪೀಠದ ಮೇಲೆ ಇಡಲೆಂದಲ್ಲ. ದುಂಡು ಕೆನ್ನೆ, ಆಲೂಗಡ್ಡೆಯಂಥ ಮೂಗು, ಮೂಗಿನ ಎಡಪಕ್ಕದಲ್ಲಿ ಬಟಾಣಿ ಕಾಳಿನಷ್ಟು ನರಹುಲಿ. ಆ ಮುಖ ಕಂಡರೆ ಗಿರಾಕಿಗಳಿಗೆ ನಂಬಿಕೆ ಹುಟ್ಟುತ್ತಿತ್ತು. ಇಷ್ಟು ಪೆದ್ದಾಗಿ ಕಾಣುವವನು ಜೇನುಮೇಣಕ್ಕೆ ಕೊಬ್ಬು ಬೆರೆಸಲಾರ ಎಂದು ಅವರ ಲೆಕ್ಕ. ಮದುವೆಗೆ ಒಪ್ಪುವಾಗ ನನ್ನ ಲೆಕ್ಕವೂ ಹೆಚ್ಚುಕಡಿಮೆ ಅದೇ ಆಗಿತ್ತು.

ಅವರ ಹೆಸರು ಲೀವೆನ್. ಫ್ಲಾಂಡರ್ಸ್ ಸೀಮೆಯ ನಮ್ಮೂರು ಮೂರ್‌ಹೌಟಿನ ಚರ್ಚಿಗೆ ಅವರ ತಾತನ ಕಾಲದಿಂದಲೂ ಬತ್ತಿ ಹೋಗುವುದು ನಮ್ಮ ಅಂಗಡಿಯಿಂದ. ಅದರಲ್ಲಿ ಮುಕ್ಕಾಲು ಪಾಲು ಉರಿಯುತ್ತಿದ್ದುದು ಒಂದೇ ಪಟದ ಮುಂದೆ, ಹಂದಿ ಅಂತೋಣಿಯ ಪಟದ ಮುಂದೆ. ಕಳೆದುಹೋದ ಬೀಗದಕೈ ಹುಡುಕಿಕೊಡುವ ಅಂತೋಣಿ ಬೇರೆ. ನಮ್ಮೂರಿನವನು ಕಾಡಿನಲ್ಲಿ ಕೂತು ತಪಸ್ಸು ಮಾಡಿದ ಹಳೆಯ ಅಂತೋಣಿ. ಕೈಯಲ್ಲಿ ಕೋಲು, ಕೋಲಿಗೊಂದು ಗಂಟೆ, ಕಾಲ ಬಳಿ ಹಂದಿ. ಹಂದಿ ಮೇವು ಬಿಟ್ಟರೆ, ಮನುಷ್ಯರಿಗೆ ಸರ್ಪಸುತ್ತು ಎದ್ದರೆ, ಅವನ ಮುಂದೆ ಒಂದು ಬತ್ತಿ. ಓಕ್ ಹಲಗೆಯ ಮೇಲೆ ನಾನೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಬರೆದ ಪಟವದು. ನಮ್ಮ ಬತ್ತಿಯ ಹೊಗೆ ಕುಡಿದೂ ಕುಡಿದೂ ಸಂತನ ಮುಖ ಚಿಮಣಿಯ ಒಳಮೈಯಂತಾಗಿತ್ತು. ಗಡ್ಡದ ತುದಿ ಕಾಣುತ್ತಿತ್ತು. ಅದರ ಮೇಲೊಂದು ಮುಖವಿದೆ ಎಂಬುದು ನಮ್ಮ ವಿಶ್ವಾಸದ ಭಾಗವಾಗಿತ್ತು.

ಆ ಬೇಸಿಗೆಯಲ್ಲಿ ಇಂಗ್ಲಿಷಿನವರು ದಂಡುದಂಡಾಗಿ ಬಂದು ನಮ್ಮ ಕಡೆಯ ಚರ್ಚುಗಳ ಕತ್ತಲ ಮೂಲೆಗಳಲ್ಲಿ ನಿಂತು "ಆಹಾ" ಅನ್ನತೊಡಗಿದರು. ಕೂಡಲೇ ಬ್ರೂಜ್ ಪಟ್ಟಣದ ದೊಡ್ಡವರಿಗೂ ಹಳೆಯ ಪಟಗಳ ಮೇಲೆ ಪ್ರೀತಿ ಉಕ್ಕಿತು. ಅಂತೋಣಿಯನ್ನು ಬ್ರೂಜಿಗೆ ಒಯ್ದು ಮಸಿ ತೆಗೆಸುವುದು, ಸಂತನ ಹಬ್ಬದ ಹೊತ್ತಿಗೆ ಮರಳಿ ತರುವುದು, ಅಲ್ಲಿಯತನಕ ಭಕ್ತರು ಬರಿಗೋಡೆಗೆ ಮೊಣಕಾಲೂರಬಾರದೆಂದು ಅದೇ ಅಳತೆಯ ನೀರುಬಣ್ಣದ ನಕಲೊಂದನ್ನು ತೂಗುಹಾಕುವುದು ಎಂದು ತೀರ್ಮಾನವಾಯಿತು.

ನಕಲು ಮಾಡಲು ಬಂದವರು ಕುಮಾರಿ ಓರ್ತಾನ್ಸ್. ಕುಂಚದ ಹಿಡಿಯಷ್ಟೇ ತೆಳ್ಳಗಿದ್ದರು. ಚರ್ಚಿನ ಎದುರಿಗೇ ನಮ್ಮ ಮನೆಯಾದ್ದರಿಂದ ನಮ್ಮ ಮಹಡಿಯ ಕೋಣೆಯಲ್ಲಿ ಇಳಿದುಕೊಂಡರು. ಹಂದಿಯ ಬೆನ್ನಿನ ಒಂದೊಂದು ಕೂದಲನ್ನೂ, ಕಾಲಡಿಯ ಒಂದೊಂದು ಹುಲ್ಲುಗರಿಯನ್ನೂ ಆಕೆ ಕಾಗದಕ್ಕೆ ಇಳಿಸುತ್ತಿದ್ದುದನ್ನು ನೋಡಿದರೆ, ಇಂಥವರು ಲೇಸು ಹೆಣೆಯಲು ಕೂತಿದ್ದರೆ ಅದು ರಾಣಿಯರ ಕೊರಳಿಗೇ ಹೋಗುತ್ತಿತ್ತಲ್ಲ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ನಾನು ಚಿಕೋರಿ ಕಾಫಿ ತೆಗೆದುಕೊಂಡು ಚರ್ಚಿಗೆ ಹೋದಾಗ ಆಕೆ ಚರ್ಚಿನ ಆಳು ಫೋನ್ಸನನ್ನು ಹಿಡಿದು ನಿಲ್ಲಿಸಿಕೊಂಡಿದ್ದರು.

"ಈ ಕೆಳಗಿನ ಮೂಲೇಲಿ ಏನಿದೆ?"

"ಬಂಡೆ."

"ನಿನಗೆ ಕಾಣ್ತಾ ಇದೆಯಾ?"

"ನಮ್ಮಪ್ಪನ ಕಾಲದಿಂದ್ಲೂ ಅದು ಬಂಡೇನೇ ಅಮ್ಮಾ."

"ನಾನು ಊಹೆ ಮಾಡಿ ಬರೆಯೋಳಲ್ಲ. ಕಪ್ಪು ಕಂಡಿದೆ, ಕಪ್ಪೇ ಬರೀತೀನಿ," ಎಂದು ಆಕೆ ಆ ಮೂಲೆಗೆ ಕಂದುಗಪ್ಪು ಬಳಿದು ಕೈತೊಳೆದುಕೊಂಡರು. "ಆದ್ರೆ ಸಂತನಿಗೆ ಮುಖ ಇಲ್ದೆ ಕಳಿಸಬಾರ್ದು ಅಂತ ದೊಡ್ಡವರ ಅಪ್ಪಣೆ. ಏನು ನೋಡಿ ಬರೀಲಿ?"

ಸರಿಯಾಗಿ ಆ ಗಳಿಗೆಗೇ ನಮ್ಮವರು ಕತ್ತಲಲ್ಲಿ ಆಕೆಗೆ ಕಷ್ಟವಾಗುತ್ತದೆಂದು ದಪ್ಪನೆಯ ಬತ್ತಿಯೊಂದನ್ನು ಹಚ್ಚಿ ಹಿಡಿದುಕೊಂಡು ಬಂದರು. ಬೆಳಕು ಕೆಳಗಿನಿಂದ ಮೂಗಿನ ಮೇಲೆ ಬಿದ್ದಿತ್ತು.

"ಹಾಗೇ ನಿಲ್ಲಿ!" ಅಂದರು ಕುಮಾರಿ ಓರ್ತಾನ್ಸ್.

"ಯಾಕಮ್ಮಾ? ಅಂಗಡೀಲಿ ಯಾರೂ ಇಲ್ಲ..."

"ಮಾತಾಡ್ಬೇಡಿ. ಬತ್ತಿ ಸ್ವಲ್ಪ ಮೇಲೆ."

ಮಧ್ಯಾಹ್ನವೆಲ್ಲ ನಮ್ಮವರು ನಿಂತೇ ಇದ್ದರು. ಕರಗಿದ ಮೇಣ ಬೆರಳ ಮೇಲೆ ತೊಟ್ಟಿಕ್ಕುತ್ತಿತ್ತು, ಮಾತಾಡುವಂತಿಲ್ಲ. ಆ ಪಟದ ಸಂತನ ಕಣ್ಣಿನಲ್ಲಿ ಲೋಕದ ನೋವೆಲ್ಲ ತುಂಬಿದೆ ಎಂದು ಆಮೇಲೆ ಎಷ್ಟೋ ಮಂದಿ ಹೇಳಿದರು. ಅದು ಬಿಸಿಮೇಣದ ನೋವು.

"ನರಹುಲಿ ಬೇಡವೇನೋ..." ಎಂದು ನಾನು ಮೆಲ್ಲಗೆ ಅಂದೆ.

"ನಾನು ಸೇರಿಸೋಳೂ ಅಲ್ಲ, ಬಿಡೋಳೂ ಅಲ್ಲ," ಅಂದರು ಆಕೆ. ಎಲ್ಲ ಮುಗಿದ ಮೇಲೆ ನಕಲಿಗೆ ಗಾಜು ಹಾಕಿಸಿ, ಫೋನ್ಸನಿಗೆ ಒಂದೇ ಒಂದು ಮಾತು ಹೇಳಿ ಊರು ಬಿಟ್ಟರು: ಇದು ಕಾಗದ, ಮೇಲಿರೋದು ನೀರುಬಣ್ಣ, ಇದರ ಹತ್ತಿರ ಒಂದು ಬತ್ತಿಯೂ ಉರಿಯಕೂಡದು.

ಫೋನ್ಸ್ ಪಟದ ಮುಂದೆ ಸೀಮೆಸುಣ್ಣದ ಗೆರೆ ಎಳೆದು, ಬೆಂಚು ಅಡ್ಡ ಇಟ್ಟು, ಬತ್ತಿಯ ಕಂಬವನ್ನು ಎತ್ತಿ ಒಳಗಿಟ್ಟ. ಹೀಗೆ ನನ್ನ ಗಂಡನ ಮುಖ ಪೀಠ ಹತ್ತಿದ ದಿನವೇ ನಮ್ಮ ವ್ಯಾಪಾರ ಪೀಠದಿಂದ ಇಳಿಯಿತು.

ನವೆಂಬರಿನಲ್ಲಿ, ಸಕಲ ಸಂತರ ಹಬ್ಬದ ದಿನ, ಪೂಜೆಗೆ ಊರೆಲ್ಲ ಸೇರಿತ್ತು. ಚರ್ಚಿನಲ್ಲಿ ಕುರ್ಚಿ ಹಾಕುವ ಮುದುಕಿ ಬಾರ್ಬೆ ತಲೆಯೆತ್ತಿ ಪಟ ನೋಡಿದವಳೇ ಕೈಯಲ್ಲಿದ್ದ ಕುರ್ಚಿ ಬಿಟ್ಟಳು.

"ಅಯ್ಯೋ ತಾಯೀ! ಬತ್ತಿ ಲೀವೆನ್ನು!"

ಎಲ್ಲರೂ ನೋಡಿದರು. ಎದೆತನಕ ಬಿಳಿಗಡ್ಡ, ಕೈಯಲ್ಲಿ ಕೋಲು, ಗಂಟೆ, ಹಂದಿ, ನಡುವೆ ನಮ್ಮವರ ಮೂಗು, ಪಕ್ಕದಲ್ಲಿ ನರಹುಲಿ. ಕಾಣದೇ ಹೋದದ್ದು ಪಾದ್ರಿ ಬಾವೋ ಅವರೊಬ್ಬರಿಗೆ. ಅವರ ದೃಷ್ಟಿ ಎಷ್ಟು ಮಂದವೆಂದರೆ, ಒಮ್ಮೆ ಕೊಕ್ಕೆಗೆ ತೂಗುಹಾಕಿದ್ದ ಫೋನ್ಸನ ಕೋಟಿನ ಕ್ಷೇಮಸಮಾಚಾರ ವಿಚಾರಿಸಿ, ಅದು ಉತ್ತರ ಕೊಡಲಿಲ್ಲವೆಂದು ಬೇಸರಪಟ್ಟುಕೊಂಡಿದ್ದರು.

ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಜನ ನಮ್ಮನ್ನು ಮುತ್ತಿದರು. ಅಲ್ಲಿಯೇ ನಮ್ಮವರು "ಹೌದ್ರಪ್ಪಾ, ನನ್ನನ್ನ ನಿಲ್ಲಿಸಿ ಬರೆದ್ರು" ಅಂದುಬಿಟ್ಟಿದ್ದರೆ ಒಂದು ದಿನದ ನಗೆಯಲ್ಲಿ ಮುಗಿಯುತ್ತಿತ್ತು. ಆದರೆ ಇಷ್ಟೊಂದು ಜನ ಒಟ್ಟಿಗೆ ತಮ್ಮನ್ನು ನೋಡಿದ್ದು ಅವರ ಬಾಳಿನಲ್ಲಿ ಅದೇ ಮೊದಲು. ನಮ್ಮ ಮದುವೆಯ ದಿನವೂ ಜನ ನೋಡಿದ್ದು ನನ್ನನ್ನು.

"ಅದು ನಾನಲ್ಲ," ಅಂದರು ಗಂಭೀರವಾಗಿ. "ನಮ್ಮ ವಂಶದ ಹಿರೀಕರು. ಹಳೇ ಚಿತ್ರಕಾರರು ಊರವರನ್ನೇ ನಿಲ್ಸಿ ಸಂತರನ್ನ ಬರೀತಿದ್ರಂತೆ."

"ಅಲ್ಲಾ, ಮಸಿ ಒಳಗಿನ ಮುಖ ಆಯಮ್ಮಂಗೆ ಹೆಂಗೆ ಕಂಡ್ತು?" ಅಂದಳು ಬಾರ್ಬೆ.

"ಕಲಾವಿದರ ಕಣ್ಣು ಬಾರ್ಬೆ. ನಮ್ಮ ನಿಮ್ಮಂಥೋರ ಕಣ್ಣಲ್ಲ."

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿದೆ: "ಏನ್ರೀ ಇದು? ನಿಮ್ಮನ್ನ ನಿಲ್ಸಿ ಬರೆದದ್ದನ್ನ ನಾನೇ ಕಣ್ಣಾರೆ ನೋಡಿದೀನಲ್ಲ!"

"ನನ್ನನ್ನೇ ಯಾಕೆ ನಿಲ್ಸಿದ್ರು ಹೇಳು ಕೊಲೆಟ್ಟಾ. ಫೋನ್ಸೂ ಅಲ್ಲೇ ಇದ್ನಲ್ಲ?"

"ಫೋನ್ಸನ ಕೈಲಿ ಬತ್ತಿ ಇರ್ಲಿಲ್ಲ."

"ಅಲ್ಲ. ಪಟ ನೋಡಿದ್ರು, ನನ್ನ ನೋಡಿದ್ರು, ಅವರಿಗೆ ಏನೋ ಹೊಳೀತು."

ಕಿಟಕಿಯ ಬಳಿ ಲೇಸು ಹೆಣೆಯುವ ದಿಂಬು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನ್ನ ಅಮ್ಮ ತಲೆ ಎತ್ತದೆಯೇ ಹೇಳಿದಳು: "ವಂಶದಲ್ಲಿ ಸಂತರಿದ್ದಾರೆ ಅಂತ ಹೆಣ್ಣು ಕೇಳೋಕೆ ಬಂದಾಗ್ಲೇ ಹೇಳ್ಬಾರ್ದಿತ್ತಾ ಅಳಿಯಂದ್ರೇ? ಅವತ್ತು ಬರೀ ಮೂಗು ತೋರಿಸಿ ಹೋದ್ರಿ."

ಸುಳ್ಳನ್ನು ಬೇರೆಯವರಿಗೆ ಹೇಳುವಾಗ ತಾವೂ ಕೇಳಿಸಿಕೊಳ್ಳುವುದು ನಮ್ಮವರ ಸ್ವಭಾವ. ಕೇಳಿಸಿಕೊಂಡು ನಂಬಿಬಿಟ್ಟರು. ಗಡ್ಡ ಬಿಟ್ಟರು. ನಡಿಗೆ ನಿಧಾನವಾಯಿತು. ಗಿರಾಕಿಗೆ ಚಿಲ್ಲರೆ ಕೊಡುವಾಗ ಎರಡು ಬೆರಳೆತ್ತಿ ಹರಸತೊಡಗಿದರು. ಬೆಳಿಗ್ಗೆ ಮಜ್ಜಿಗೆ ಗಂಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತೊಲೆಗಳತ್ತ ದೃಷ್ಟಿ ನೆಟ್ಟು ಕೂರುತ್ತಿದ್ದರು. ತೊಲೆಯಿಂದ ಇಳಿಬಿದ್ದಿದ್ದ ಈರುಳ್ಳಿ ಗೊಂಚಲು ಅವರನ್ನೇ ನೋಡುತ್ತಿತ್ತು. ಗಂಜಿ ಆರಿಹೋಗುತ್ತಿತ್ತು.

ಆಮೇಲೆ ದೂರುಗಳು ಶುರುವಾದವು. ಮೊದಲು ಬಂದವಳು ಬೇಕರಿಯ ರೊಜ಼ಾಲಿ. ಬಾಗಿಲು ತಳ್ಳಿಕೊಂಡೇ ಬಂದಳು.

"ವಾರವೆಲ್ಲ ನಿಮ್ಮ ಮುಂದೆ ಮೊಣಕಾಲೂರಿದೀನಿ ಲೀವೆನ್. ಸರ್ಪಸುತ್ತು ಸೊಂಟದಿಂದ ಬೆನ್ನಿಗೆ ಹತ್ತಿದೆ. ಅಲ್ಲಿ ಕೂತ್ಕೊಂಡು ಏನ್ ಮಾಡ್ತಾ ಇದೀರ?"

"ಬತ್ತಿ ಹಚ್ಚದೆ ಬರಿಗೈಲಿ ಕೇಳಿದ್ರೆ ಹೆಂಗಮ್ಮಾ?" ಸಂತತನದ ಒಳಗಿಂದ ವ್ಯಾಪಾರಿ ಒಂದು ಗಳಿಗೆ ಇಣುಕಿದ.

"ಹಚ್ಚೋಕೆ ಫೋನ್ಸ್ ಬಿಡ್ತಾನಾ? ನಿಮ್ಮ ಮುಖಕ್ಕೆ ಶಾಖ ತಾಗುತ್ತಂತೆ!"

ಆ ಮಾತು ನನ್ನ ಹೊಟ್ಟೆಗೆ ನಾಟಿತು. ಚರ್ಚಿಗೆಂದು ಮಾಡಿದ್ದ ಬತ್ತಿಗಳು ಅಟ್ಟದಲ್ಲಿ ರಾಶಿ ಬಿದ್ದಿದ್ದವು. ಕ್ರಿಸ್ಮಸ್ಸಿಗೆ ಮುಂಚಿನ ಅಡ್ವೆಂಟ್ ಕಾಲದಲ್ಲಿ ಫೋನ್ಸ್ ಇನ್ನೊಂದು ಸುದ್ದಿ ತಂದ. ಪಟ ತೊಳೆಯುವವರು ಬ್ರೂಜಿನಿಂದ ಪಾದ್ರಿಗಳಿಗೆ ಹೇಳಿ ಕಳಿಸಿದ್ದರಂತೆ, ಈ ಮಸಿಯೆಲ್ಲ ನಿಮ್ಮೂರ ಬತ್ತಿಯದು, ಇಷ್ಟು ಹೊಗೆ ಕಾರುವ ಬತ್ತಿ ಫ್ಲಾಂಡರ್ಸಿನಲ್ಲೇ ಕಂಡಿಲ್ಲ, ಕನ್ಯಾಮಠದಲ್ಲಿ ಹೊಗೆಯಿಲ್ಲದ ಬತ್ತಿ ಮಾಡುತ್ತಾರೆ, ಇನ್ನು ಮೇಲೆ ಅದನ್ನೇ ತರಿಸಿ ಎಂದು. ಪಾದ್ರಿಗಳು ಸಂತನ ಹಬ್ಬದ ದಿನ ತೀರ್ಮಾನ ಹೇಳುವವರಿದ್ದರು. ಚರ್ಚಿನ ಬತ್ತಿ ಹೋದರೆ ನಮಗೆ ಉಳಿಯುವುದು ಹಟ್ಟಿಗೆ, ಅಡುಗೆಮನೆಗೆ ಕೊಳ್ಳುವ ಕೊಬ್ಬಿನ ಬತ್ತಿ. ಅದರಲ್ಲಿ ಮೂರು ಜನ ಉಣ್ಣಲಾಗದು.

"ರೀ, ಗುರುಗಳ ಹತ್ರ ಹೋಗಿ ಇದ್ದದ್ದು ಇದ್ದಂಗೆ ಹೇಳಿ ಬನ್ನಿ. ಪಟದಲ್ಲಿರೋನು ನಾನೇ, ತಪ್ಪಾಯ್ತು, ಬತ್ತಿ ಮಾತ್ರ ಕಿತ್ಕೋಬೇಡಿ ಅನ್ನಿ. ಬೇರೆಯೋರು ಹೇಳೋ ಮೊದ್ಲೇ ನಾವು ಹೇಳಿದ್ರೆ ಮರ್ಯಾದೆ."

"ಹಬ್ಬದ ದಿನ ಪಟ ಬರುತ್ತೆ ಕೊಲೆಟ್ಟಾ. ಮಸಿ ಹೋಗಿ ನಮ್ಮ ಹಿರೀಕರ ಮುಖ ಎಲ್ರಿಗೂ ಕಾಣುತ್ತೆ. ಆಮೇಲೆ ಆ ಪಟಕ್ಕೆ ಬೇರೆಯೋರ ಬತ್ತಿ ತರೋ ಧೈರ್ಯ ಯಾರಿಗಿದೆ?"

"ಕಾಣದೇ ಹೋದ್ರೆ?"

ಅವರು ನನ್ನನ್ನು ಬಿಸಿಮೇಣದ ಕಣ್ಣುಗಳಿಂದ ನೋಡಿದರು.

ಕ್ರಿಸ್ಮಸ್ ಕಳೆದ ವಾರ ರೈತ ಸೀಸ್ ತನ್ನ ಹೆಣ್ಣುಹಂದಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ನೇರವಾಗಿ ಅಂಗಡಿಯೊಳಗೇ ಬಂದ. ಹಂದಿಯ ಕಿವಿ ಜೋತುಬಿದ್ದಿತ್ತು.

"ಇದು ಮೇವು ಮುಟ್ತಾ ಇಲ್ಲ. ಚರ್ಚಲ್ಲಿ ನಿಮ್ಮ ಮುಂದೆ ಹೇಳ್ಕೊಂಡೆ, ನೀವು ಕಿವಿಗೇ ಹಾಕ್ಕೊಳ್ಳಲಿಲ್ಲ. ಅಲ್ಲಿ ಗಾಜು ಅಡ್ಡ ಇದೆ, ಕೇಳಿಸಿರ್ಲಿಕ್ಕಿಲ್ಲ ಅಂತ ಮನೇಗೇ ಬಂದೆ."

"ಸೀಸ್, ಅಂಗಡಿಯೊಳಗೆ ಹಂದಿ..." ಅಂತ ನಾನು ಬಾಯಿ ತೆರೆದೆ.

"ಇರ್ಲಿ ಬಿಡು," ಅಂದರು ನಮ್ಮವರು. ಕಣ್ಣು ಮುಚ್ಚಿದರು. ಬೆರಳೆತ್ತಿದರು. ಸೀಸ್ ಟೋಪಿ ತೆಗೆದು ಕಣ್ಣು ಮುಚ್ಚಿದ. ಅಮ್ಮ ಕೂಡ, ಏನು ನಡೆಯುತ್ತದೋ ನೋಡೋಣವೆಂದು, ಒಂದೇ ಕಣ್ಣು ಮುಚ್ಚಿದಳು. ನನ್ನವು ಬಿಟ್ಟರೆ ತೆರೆದಿದ್ದುದು ಅವಳ ಇನ್ನೊಂದು ಕಣ್ಣು ಮತ್ತು ಹಂದಿಯ ಎರಡು ಕಣ್ಣು. ಹಂದಿ ಮೂಗು ಅರಳಿಸಿ, ಕೆಳಗಿನ ಹಲಗೆಯಲ್ಲಿದ್ದ ಕೊಬ್ಬಿನ ಬತ್ತಿಗಳ ಕಟ್ಟಿಗೆ ಬಾಯಿ ಹಾಕಿತು. ನಮ್ಮವರು ಪ್ರಾರ್ಥನೆ ಮುಗಿಸುವಷ್ಟರಲ್ಲಿ ಎರಡನೆಯ ಕಟ್ಟಿನಲ್ಲಿತ್ತು. ಬಾಯಿಂದ ಬತ್ತಿಯ ದಾರಗಳು ಮೀಸೆಯಂತೆ ಇಳಿಬಿದ್ದಿದ್ದವು.

"ತಿಂತು! ಪವಾಡ!" ಎಂದು ಸೀಸ್ ನಮ್ಮವರ ಕಾಲು ಹಿಡಿದ.

"ತಿಂದದ್ದು ಕೊಬ್ಬು ಕಣಯ್ಯಾ," ಅಂದಳು ಅಮ್ಮ. "ಇಟ್ರೆ ನಮ್ಮ ಪಾದ್ರಿಗಳ ನಾಯೀನೂ ತಿನ್ನುತ್ತೆ."

ಅಮ್ಮನ ಮಾತು ಅಂಗಡಿಯ ಹೊಸ್ತಿಲು ದಾಟಲಿಲ್ಲ. ಸೀಸನದು ಮೂರು ಊರು ದಾಟಿತು.

ಜನವರಿಯಲ್ಲಿ ಸಂತ ಅಂತೋಣಿಯ ಹಬ್ಬ. ಅವತ್ತು ರೈತರು ತಾವು ಕಡಿದ ಹಂದಿಯ ತಲೆಯನ್ನು ತೊಳೆದು, ಬಾಯಿಗೊಂದು ಸೊಪ್ಪಿನ ಎಸಳು ಸಿಕ್ಕಿಸಿ, ಚರ್ಚಿನ ಬಾಗಿಲ ಮೇಜಿನ ಮೇಲೆ ಕಾಣಿಕೆ ಇಡುತ್ತಾರೆ. ಪೂಜೆ ಮುಗಿದ ಮೇಲೆ ಫೋನ್ಸ್ ಅವನ್ನು ಕೂಗಿ ಹರಾಜು ಹಾಕುತ್ತಾನೆ. ಬಂದದ್ದು ಊರ ಬಡವರಿಗೆ. ತಲೆತಲಾಂತರದಿಂದ ಹೀಗೆಯೇ.

ಆ ಬೆಳಿಗ್ಗೆ ನಾನು ಹಿಮ ಗುಡಿಸೋಣವೆಂದು ಬಾಗಿಲು ತೆಗೆದೆ. ಹೊಸ್ತಿಲ ಮೇಲೆ, ಮೆಟ್ಟಿಲ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಹಂದಿಯ ತಲೆಗಳು. ಎಲ್ಲವೂ ಬಾಯಲ್ಲಿ ಸೊಪ್ಪು ಕಚ್ಚಿಕೊಂಡು ನನ್ನನ್ನು ನೋಡಿ ನಗುತ್ತಿದ್ದವು.

"ಕೊಲೆಟ್ಟಾ, ಯಾರು ಬಂದಿರೋದು?" ಅಂದಳು ಅಮ್ಮ ಒಳಗಿನಿಂದ.

"ನಿನ್ನ ಅಳಿಯನ ಭಕ್ತರ ಹಂದಿಗಳು."

ಎದುರಿಗೆ ಚರ್ಚಿನ ಮೇಜು ಬೋಳಾಗಿ ನಿಂತಿತ್ತು. ಅದನ್ನು ಕೈಯಿಂದ ತಡವಿ ನೋಡಿದ ಪಾದ್ರಿ ಬಾವೋ, ಫೋನ್ಸನ ತೋಳು ಹಿಡಿದು ಚೌಕ ದಾಟಿ ಬಂದರು. ಹಿಂದೆ ಊರಿಗೆ ಊರೇ ಬಂತು.

"ಯಾರಯ್ಯ ಬಡವರ ತಲೆಗಳನ್ನ ಇಲ್ಲಿ ತಂದಿಟ್ಟೋರು?"

"ಸಂತರ ಮನೆ ಇದೇ ಅಲ್ವಾ ಗುರುಗಳೇ?" ಅಂದ ಸೀಸ್. "ಪಟ ಬರೀ ಕಾಗದ. ಇವರು ಖುದ್ದು."

ಪಾದ್ರಿಗಳು ನಮ್ಮವರ ಮುಖದ ಹತ್ತಿರ ಬಂದರು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಗಡ್ಡ ನೋಡಿದರು. ನರಹುಲಿ ನೋಡಿದರು. ಹಿಂದಿರುಗಿ ಚರ್ಚಿಗೆ ಹೋಗಿ, ಸೀಮೆಸುಣ್ಣದ ಗೆರೆ ದಾಟಿ, ಬಾರ್ಬೆಯ ಕುರ್ಚಿಯೊಂದರ ಮೇಲೆ ಹತ್ತಿ, ಗಾಜಿಗೆ ಮೂಗು ಒತ್ತಿ ನೋಡಿದರು.

"ಲೀವೆನ್!"

"ಗುರುಗಳೇ?"

"ಸಕಲ ಸಂತರ ಹಬ್ಬದಿಂದ ನಾನು ಧೂಪ ಹಾಕ್ತಾ ಇರೋದು ನಿನಗಾ?"

ಹಿಂದೆಯೇ ಒಳಗೆ ಬಂದಿದ್ದ ಊರೆಲ್ಲ ನಮ್ಮವರತ್ತ ತಿರುಗಿತು. ಈಗಲಾದರೂ ನಿಜ ಹೇಳಿ ಎಂದು ನಾನು ಹಿಂದಿನಿಂದ ಅವರ ಕೋಟು ಜಗ್ಗಿದೆ. ಅವರು ಗಡ್ಡ ನೀವಿಕೊಂಡರು.

"ನನಗಲ್ಲ ಗುರುಗಳೇ. ನಮ್ಮ ಹಿರೀಕರಿಗೆ. ಹಳೇ ಪಟದಲ್ಲೂ ಇದೇ ಮುಖ ಇದೆ. ನಮ್ಮ ವಂಶದೋರು ಆ ಪಟದಲ್ಲಿದ್ದಾರೆ ಅಂತ ಈ ಊರೆಲ್ಲ ಕೇಳೋ ಹಾಗೆ ಹೇಳ್ತೀನಿ. ಇಲ್ದೇ ಹೋದ್ರೆ ನನ್ನ ಬತ್ತಿ ಇವತ್ತಿಂದ ಬೇಡ."

ನನ್ನ ಕೈಯಿಂದ ಕೋಟು ಜಾರಿತು. ನಮ್ಮ ಅನ್ನವನ್ನು ಈ ಮಹಾನುಭಾವರು ಹೀಗೆ ಪಣಕ್ಕಿಟ್ಟ ಹೊತ್ತಿಗೇ ಹೊರಗೆ ಬ್ರೂಜಿನ ಗಾಡಿಯ ಸದ್ದು ಕೇಳಿಸಿತು.

ಪೆಟ್ಟಿಗೆಯನ್ನು ಪೀಠದ ಮುಂದೆಯೇ ಒಡೆದರು. ಫೋನ್ಸ್ ಒಣಹುಲ್ಲು ತೆಗೆದು, ಹೊದಿಸಿದ್ದ ಬಟ್ಟೆ ಎಳೆದ. ಕಣ್ಣು ಕೋರೈಸುವ ಹಸಿರು, ನೀಲಿ! ನಮ್ಮ ಹಂದಿ ಕಪ್ಪಲ್ಲ, ಗುಲಾಬಿ ಬಣ್ಣದ್ದು ಎಂದು ಅವತ್ತೇ ಗೊತ್ತಾದದ್ದು. ಮೇಲೆ ಸಂತ ಅಂತೋಣಿಯ ಮುಖ. ಉದ್ದನೆಯ, ಒಣಕಲು, ಸೌಮ್ಯ ಮುಖ. ಕತ್ತಿಯಂಥ ಮೂಗು. ಎಲ್ಲಿಯೂ ಒಂದು ನರಹುಲಿಯಿಲ್ಲ.

ನಮ್ಮವರು ಗಡ್ಡದಿಂದ ಕೈ ತೆಗೆದರು. ಮದುವೆಯಾದಂದಿನಿಂದ ಅವರನ್ನು ಅಷ್ಟು ಚಿಕ್ಕದಾಗಿ ನಾನು ಕಂಡಿರಲಿಲ್ಲ. ಬೈಯಬೇಕೆಂದು ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನನಗೆ ನೆನಪಾಗಲಿಲ್ಲ. ಅವರ ತೋಳು ಹಿಡಿದುಕೊಂಡೆ.

"ಏನಪ್ಪಾ ಲೀವೆನ್? ಎಲ್ಲಿ ನಿನ್ನ ವಂಶ?" ಅಂದರು ಪಾದ್ರಿಗಳು.

ಆಗ ಅಮ್ಮನ ದನಿ ಕೇಳಿಸಿತು. ಲೇಸು ಹೆಣೆದ ಕಣ್ಣು ಅವಳದು, ಸಣ್ಣದು ಬೇಗ ಕಾಣುತ್ತದೆ.

"ಇಲ್ಲಿದೆ ಗುರುಗಳೇ."

ಅವಳು ಕೆಳಗಿನ ಮೂಲೆಗೆ, ಫೋನ್ಸನ ಬಂಡೆಯಿದ್ದ ಜಾಗಕ್ಕೆ ಬೆರಳು ಮಾಡಿದ್ದಳು. ಅಲ್ಲಿ ಬಂಡೆ ಇರಲಿಲ್ಲ. ಪುಟ್ಟ ಎರಡು ಕೊಂಬು, ಕೋಳಿಯಂಥ ಕಾಲು, ಸಂತನ ನಿಲುವಂಗಿಯ ಅಂಚನ್ನು ಎರಡೂ ಕೈಯಿಂದ ಜಗ್ಗುತ್ತ, ಅವನ ತಪಸ್ಸು ಕೆಡಿಸಲು ಬಂದ ಒಂದು ದೆವ್ವ ಕೂತಿತ್ತು. ದುಂಡು ಕೆನ್ನೆ. ಆಲೂಗಡ್ಡೆಯಂಥ ಮೂಗು. ಮೂಗಿನ ಎಡಪಕ್ಕದಲ್ಲಿ ಬಟಾಣಿ ಕಾಳಿನಷ್ಟು ನರಹುಲಿ.

ಪಾದ್ರಿಗಳು ನೆಲಕ್ಕೆ ಕೂತು ಮೂಗು ತಾಗಿಸಿ ನೋಡಿದರು. ನೋಡಿದವರು ಏಳಲಿಲ್ಲ. ಭುಜ ಕುಲುಕುತ್ತಿದ್ದವು. ಅಳುತ್ತಿದ್ದಾರೆಂದು ಫೋನ್ಸ್ ಓಡಿಬಂದು ಎತ್ತಿದಾಗ ಅವರ ನಗು ಮಾಡಿಗೆ ಮುಟ್ಟಿತು. ಅವರ ಹಿಂದೆ ಊರೇ ನಕ್ಕಿತು. ರೊಜ಼ಾಲಿ ನಕ್ಕ ರಭಸಕ್ಕೆ ಬೆನ್ನಿನ ಸರ್ಪಸುತ್ತು ಹಿಡಿದುಕೊಂಡಳು.

"ಹೌದಪ್ಪಾ, ಮಾತು ಉಳಿಸಿಕೊಂಡೆ," ಅಂದರು ಪಾದ್ರಿಗಳು ಕಣ್ಣೊರೆಸಿಕೊಳ್ಳುತ್ತ. "ನಿನ್ನ ವಂಶದೋರು ಪಟದಲ್ಲಿದ್ದಾರೆ."

"ಹಾಗಾದ್ರೆ ಬತ್ತಿ..." ಎಂದೆ ನಾನು. ಅವಮಾನವನ್ನು ಆಮೇಲೆ ನೋಡಿಕೊಳ್ಳಬಹುದು, ಮೊದಲು ಬತ್ತಿ.

ಪಾದ್ರಿಗಳು ಉತ್ತರಿಸುವ ಮೊದಲೇ ಬಾರ್ಬೆ ಮುಂದೆ ಬಂದಳು. "ಗುರುಗಳೇ, ಹೊಗೆ ಇಲ್ದ ಬತ್ತಿ ತರ್ಸಿದ್ರೆ ಈ ದೆವ್ವ ಹಿಂಗೇ ಕಾಣ್ತಾ ಇರುತ್ತೆ. ನನ್ನ ಕುರ್ಚಿ ಇದರ ಎದುರಿಗೇ ಇದೆ. ಪೂಜೆ ಹೊತ್ತಲ್ಲಿ ಇದು ನನ್ನನ್ನೇ ನೋಡಿದ್ರೆ ನಾನು ಜಪ ಹೆಂಗೆ ಮಾಡ್ಲಿ?"

"ಅದೂ ನಿಜವೇ," ಅಂದರು ಪಾದ್ರಿಗಳು ಯೋಚಿಸಿ. "ಇವನ ತಾತನ ಹೊಗೆ, ಇವನಪ್ಪನ ಹೊಗೆ ಸೇರಿ ಇದನ್ನ ಮುಚ್ಚಿಟ್ಟಿತ್ತು. ಕನ್ಯಾಮಠದೋರ ಕೈಲಿ ಆಗೋ ಕೆಲಸವಲ್ಲ ಇದು. ಲೀವೆನ್, ಬತ್ತಿ ನಿನ್ನದೇ ಇರ್ಲಿ. ಆದ್ರೆ ಹೊಗೆ ಕೆಳಗಿನ ಮೂಲೆಗೆ ಹೋಗೋ ಹಾಗೆ ನೋಡ್ಕೊ. ಮತ್ತೆ ಆ ತಲೆಗಳನ್ನ ಹೊತ್ತು ತಂದು ಮೇಜಿನ ಮೇಲಿಡು."

ನಮ್ಮವರು ಒಂದೊಂದೇ ತಲೆ ಹೊತ್ತು ಚೌಕ ದಾಟಿದರು. ಸೀಸ್ ಮಾತ್ರ ಅರ್ಧ ದಾರಿಯಲ್ಲಿ ಎದುರಾಗಿ ಕೈ ಕುಲುಕಿದ. "ದೆವ್ವ ಆದ್ರೇನು ಬಿಡಿ. ನನ್ನ ಹಂದಿ ಬದುಕ್ತಲ್ಲ."

ಸಂಜೆಯೇ ಗಡ್ಡ ಬೋಳಿಸಿದರು. ಮಜ್ಜಿಗೆ ಗಂಜಿಯನ್ನು ಬಿಸಿಯಾಗಿಯೇ ಕುಡಿದರು. ನಕಲನ್ನು ಏನು ಮಾಡುವುದೆಂದು ಯಾರಿಗೂ ತೋಚದೆ ಪಾದ್ರಿಗಳು ಅದನ್ನು ನಮ್ಮ ಮನೆಗೇ ಕಳಿಸಿದರು. ಈಗ ಅದು ಒಲೆಯಿಂದ ದೂರದ ಗೋಡೆಯ ಮೇಲಿದೆ. ಹೀಗೆ ನನ್ನ ಗಂಡ ಮನೆಯಲ್ಲಿ ಸಂತ, ಚರ್ಚಿನಲ್ಲಿ ದೆವ್ವ. ನೆರೆಹೊರೆಯ ಹೆಂಗಸರ ಗಂಡಂದಿರು ಹೆಚ್ಚಾಗಿ ಇದರ ತಿರುಗಾಮುರುಗಾ ಆದ್ದರಿಂದ ನನಗೇನೂ ದೂರಿಲ್ಲ.

ನಮ್ಮವರಿಗೆ ಮಾತ್ರ ದೂರಿದೆ. ದಿನವೂ ಬೆಳಿಗ್ಗೆ ಚರ್ಚಿಗೆ ಹೋಗಿ, ಇದ್ದುದರಲ್ಲಿ ಅತಿ ಹೆಚ್ಚು ಹೊಗೆ ಕಾರುವ ಬತ್ತಿಯನ್ನು ಹುಡುಕಿ, ಆ ಮೂಲೆಯ ಕೆಳಗೇ ಹಚ್ಚಿ ಬರುತ್ತಾರೆ. ಮನೆಗೆ ಬಂದು, "ಇವತ್ತು ಕೊಂಬು ಸ್ವಲ್ಪ ಮಸುಕಾಗಿದೆ ಕೊಲೆಟ್ಟಾ," ಅನ್ನುತ್ತಾರೆ. "ಇನ್ನೊಂದು ವರ್ಷ. ಆಮೇಲೆ ಬಂಡೆಯೇ."

"ಹೌದ್ರೀ, ಬಂಡೆಯೇ," ಅನ್ನುತ್ತೇನೆ ನಾನು.

ಶನಿವಾರ ಚರ್ಚು ಗುಡಿಸುವ ಸರದಿ ಹೆಂಗಸರದು. ಪೀಠದ ಆ ಬದಿಯನ್ನು ನಾನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಬಾರ್ಬೆ ಕುರ್ಚಿ ಜೋಡಿಸಲು ಆಚೆ ತಿರುಗಿದ ಕೂಡಲೇ ಏಪ್ರನ್ನಿನ ತುದಿಯನ್ನು ತುಸು ಒದ್ದೆ ಮಾಡಿ ಆ ಕೆಳಗಿನ ಮೂಲೆಯನ್ನು ಮೆಲ್ಲಗೆ ಒರೆಸುತ್ತೇನೆ. ಮೊದಲು ಕೆನ್ನೆ, ಆಮೇಲೆ ಮೂಗು, ಕೊನೆಗೆ ನರಹುಲಿ. ಮೂರು ತಲೆಮಾರು ಮಸಿಯೊಳಗೆ ಕೂತು ಬಂದ ಮುಖ. ಸಂತನ ಅಂಗಿ ಬಿಡದೆ ಜಗ್ಗುತ್ತಿದ್ದರೂ ಎಷ್ಟು ಪೆದ್ದಾಗಿ, ಎಷ್ಟು ನಂಬಿಕೆ ಹುಟ್ಟುವ ಹಾಗೆ ಕಾಣುತ್ತದೆಂದರೆ, ನನ್ನನ್ನೇ ಯಾರಾದರೂ ಕೇಳಿದ್ದರೆ ಅಂತೋಣಿ ಆವತ್ತು ಕಾಡು ಬಿಟ್ಟು ಆ ದೆವ್ವದ ಹಿಂದೆ ಹೋಗಬಹುದಿತ್ತು ಅನ್ನುತ್ತಿದ್ದೆ. ನಾನು ಹೋಗಲಿಲ್ಲವೇ?